ಪೆನ್ನು ಹಿಡಿದು ನೋಡಿದ ವರ್ಲ್ಡ್ ಫೈನಲ್‌ಗಳು

ಸ್ಪೀಡ್‌ವೇ ಎಂಬ ಮೋಟಾರ್‌ಸೈಕಲ್ ರೇಸಿನ ಹಳೆಯ ವರ್ಲ್ಡ್ ಫೈನಲ್‌ಗಳನ್ನು ಕಣ್ಣಾರೆ ಕಂಡವರ ನೆನಪಿಗೆ ಒಂದು ವಿಶೇಷವಿದೆ. 1981ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಅಮೆರಿಕದ ಬ್ರೂಸ್ ಪೆನ್ಹಾಲ್ ಗೆದ್ದರು ಎಂದು ಹೇಳಿ ಅವರು ಸುಮ್ಮನಾಗುವುದಿಲ್ಲ. ಏಳನೇ ಹೀಟಿನಲ್ಲಿ, ಅಂದರೆ ಆ ರಾತ್ರಿಯ ಏಳನೇ ಓಟದಲ್ಲಿ, ಓಲೆ ಓಲ್ಸೆನ್ ಅವರನ್ನು, ಹದಿನಾಲ್ಕನೇ ಹೀಟಿನಲ್ಲಿ ಟಾಮಿ ಕ್ನುಡ್ಸೆನ್ ಅವರನ್ನು ಮುಕ್ತಾಯದ ಗೆರೆಯ ಮೇಲೆ ಕೂದಲೆಳೆಯಷ್ಟರಲ್ಲಿ ಹಿಂದೆ ಹಾಕಿದರು ಎಂದು ಹೀಟಿನ ನಂಬರ್ ಸಮೇತ ಒಪ್ಪಿಸುತ್ತಾರೆ. ನಲವತ್ತು ವರ್ಷ ದಾಟಿದರೂ ನಂಬರ್ ತಪ್ಪುವುದಿಲ್ಲ. ಬೇರೆ ಮೋಟಾರ್ ರೇಸುಗಳ ಅಭಿಮಾನಿಗಳಲ್ಲಿ ಇಷ್ಟು ಖಚಿತವಾದ ನೆನಪು ಅಪರೂಪ.

ಇದಕ್ಕೆ ಕಾರಣ ಅವರು ನೋಡಿದ್ದಷ್ಟೇ ಅಲ್ಲ, ನೋಡುತ್ತಲೇ ಬರೆದುಕೊಂಡದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ರತಿಯೊಬ್ಬರ ಕೈಯಲ್ಲೂ ಪ್ರೋಗ್ರಾಂ ಪುಸ್ತಕ ಮತ್ತು ಪೆನ್ನು ಇರುತ್ತಿತ್ತು. ಆ ಫೈನಲ್‌ನ ರಚನೆಯೇ ಹಾಗಿತ್ತು. ಬರೆದುಕೊಳ್ಳದೆ ಅದನ್ನು ಪೂರ್ತಿಯಾಗಿ ನೋಡುವುದೇ ಆಗುತ್ತಿರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಣ್ಣಿನ ಅಂಡಾಕಾರದ ಟ್ರ್ಯಾಕ್, ನಾಲ್ಕು ಸವಾರರು, ನಾಲ್ಕು ಸುತ್ತು, ಎಲ್ಲ ತಿರುವೂ ಎಡಕ್ಕೆ. 500 ಸಿಸಿಯ ಒಂದೇ ಸಿಲಿಂಡರಿನ ಎಂಜಿನ್, ಮೆಥನಾಲ್ ಇಂಧನ. ಬ್ರೇಕ್ ಇಲ್ಲವೇ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಮುಂದಿನ ಚಕ್ರವನ್ನು ಬಲಕ್ಕೆ ತಿರುಗಿಸಿ, ಉಕ್ಕಿನ ತಳ ಕಟ್ಟಿದ ಎಡಗಾಲನ್ನು ನೆಲದ ಮೇಲೆ ಎಳೆಯುತ್ತಾ ಗಾಡಿಯನ್ನು ಅಡ್ಡಡ್ಡ ಹಾಯಿಸುತ್ತಾರೆ. ವೇಗ ತಗ್ಗುವುದೂ ಹೆಚ್ಚುವುದೂ ಥ್ರಾಟಲ್ ಹಿಡಿದ ಒಂದೇ ಕೈಯಿಂದ. ಗೆದ್ದವರಿಗೆ 3, ನಂತರದವರಿಗೆ 2 ಮತ್ತು 1, ಕೊನೆಯವರಿಗೆ ಸೊನ್ನೆ. ಒಂದು ಹೀಟ್ ಮುಗಿಯಲು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಸಾಕು.

ಇನ್ನು ಫೈನಲ್‌ನ ಲೆಕ್ಕ. ನನಗೆ ಇದು ಇಡೀ ಕ್ರೀಡಾಲೋಕದಲ್ಲೇ ಅತ್ಯಂತ ಚೆಂದದ ಪಟ್ಟಿ. ಹದಿನಾರು ಸವಾರರು, ಇಪ್ಪತ್ತು ಹೀಟುಗಳು, ಒಬ್ಬೊಬ್ಬರಿಗೆ ಐದು ಓಟ. ಹದಿನಾರು ಜನರಲ್ಲಿ ಇಬ್ಬಿಬ್ಬರ ಜೋಡಿ ಮಾಡಿದರೆ 120 ಜೋಡಿ. ನಾಲ್ಕು ಜನರ ಒಂದು ಹೀಟಿನಲ್ಲಿ ಆರು ಜೋಡಿ ಎದುರಾಗುತ್ತವೆ. ಇಪ್ಪತ್ತು ಹೀಟಿಗೆ ಸರಿಯಾಗಿ 120. ಅಂದರೆ ಪ್ರತಿಯೊಬ್ಬರೂ ಉಳಿದ ಹದಿನೈದು ಜನರನ್ನು ಒಮ್ಮೆ, ಒಮ್ಮೆ ಮಾತ್ರ, ಎದುರಿಸುತ್ತಾರೆ. ಯಾರಿಗೂ ತಪ್ಪಿಸಿಕೊಳ್ಳುವ ದಾರಿಯಿಲ್ಲ, ಎರಡನೇ ಅವಕಾಶವೂ ಇಲ್ಲ. ಪೆನ್ಹಾಲ್ ಮತ್ತು ಓಲ್ಸೆನ್ ಏಳನೇ ಹೀಟಿನಲ್ಲಿ ಸೇರುತ್ತಾರೆಂದು ಗೇಟಿನಲ್ಲಿ ಪ್ರೋಗ್ರಾಂ ಕೊಂಡ ಗಳಿಗೆಯಲ್ಲೇ ಗೊತ್ತು. ಆ ಹೀಟಿನ ಸುತ್ತ ಪೆನ್ನಿನಿಂದ ಒಂದು ಸುತ್ತು ಹಾಕಿಟ್ಟುಕೊಂಡು ಕಾಯುವುದು ಅಭಿಮಾನಿಯ ಮೊದಲ ಕೆಲಸ. ಸಂಜೆ ಪೂರ್ತಿ ಆ ಕಾಯುವಿಕೆ ಒಳಗೊಳಗೇ ಬಿಗಿಯುತ್ತಿತ್ತು.

ಪ್ರೋಗ್ರಾಂ ತುಂಬಿಸುವುದಕ್ಕೂ ಒಂದು ಕ್ರಮವಿದೆ. ಹೀಟ್ ಮುಗಿದ ಕೂಡಲೇ ಹೆಲ್ಮೆಟ್ ಬಣ್ಣ ನೋಡಿ ಸ್ಥಾನ ಬರೆಯಬೇಕು. ಧೂಳು, ಮಣ್ಣಿನ ನಡುವೆ ಎದೆಯ ನಂಬರ್ ಓದಲು ಆಗುವುದಿಲ್ಲ. ಕೆಂಪು, ನೀಲಿ, ಬಿಳಿ, ಹಳದಿ ಹೆಲ್ಮೆಟ್ ಕವರ್‌ಗಳನ್ನೇ ನಂಬಬೇಕು. ನಂತರ ಧ್ವನಿವರ್ಧಕದಲ್ಲಿ ಹೇಳುವ ಸಮಯವನ್ನು ಬರೆಯಬೇಕು, ಆಮೇಲೆ ಹಿಂದಿನ ಪುಟದ ಪಟ್ಟಿಯಲ್ಲಿ ಒಟ್ಟು ಪಾಯಿಂಟ್ ಸೇರಿಸಬೇಕು. ಬಿದ್ದವರಿಗೆ ಎಫ್, ಗಾಡಿ ಕೈಕೊಟ್ಟು ನಿಂತವರಿಗೆ ಆರ್, ರೆಫ್ರಿ ಹೊರಗಿಟ್ಟವರಿಗೆ ಎಕ್ಸ್. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಹೀಟ್ ನಿಲ್ಲಿಸಿ ಮರು ಓಟ ನಡೆಸಿದಾಗ ಮೊದಲ ಓಟದ ಸ್ಥಾನಗಳನ್ನು ಹೊಡೆದುಹಾಕದೆ ಅದರ ಮೇಲೆಯೇ ಬರೆಯುವುದು. ಮನೆಗೆ ಹೋಗಿ ಕೂಡಿಸಿದರೆ ಲೆಕ್ಕ ಹೊಂದುವುದಿಲ್ಲ. ತಾಳೆ ನೋಡುವ ದಾರಿ ಸುಲಭ. ಪ್ರತಿ ಹೀಟಿಗೆ ಆರು ಪಾಯಿಂಟ್, ಇಪ್ಪತ್ತಕ್ಕೆ 120. ಮೂರಕ್ಕಿಂತ ಕಡಿಮೆ ಜನ ಓಟ ಮುಗಿಸಿದ ಹೀಟುಗಳಲ್ಲಿ ಯಾರಿಗೂ ಸೇರದೆ ಉಳಿದ ಪಾಯಿಂಟ್ ಕಳೆಯಿರಿ. ಬದಲಿಗೆ ಬಂದ ರಿಸರ್ವ್ ಸವಾರರ ಪಾಯಿಂಟನ್ನೂ ಸೇರಿಸಿ ಅಷ್ಟೇ ಬರಬೇಕು. ಬರದಿದ್ದರೆ ಎಲ್ಲೋ ಪಾಯಿಂಟ್ ಬಿಟ್ಟುಹೋಗಿದೆ, ಇಲ್ಲವೇ ಎರಡು ಸಲ ಸೇರಿದೆ ಎಂದೇ ಅರ್ಥ.

ಎಲ್ಲಿ ನಿಂತು ನೋಡುವುದು ಎಂಬ ವಾದ ಇನ್ನೂ ಮುಗಿದಿಲ್ಲ. ಸ್ಟಾರ್ಟ್ ಗೆರೆಯ ಎದುರು ಎತ್ತರದಲ್ಲಿ ಕೂತರೆ ಸವಾರರ ಮುಂದೆ ಅಡ್ಡ ಕಟ್ಟಿದ ಟೇಪ್ ಮೇಲೇಳುವ ಕ್ಷಣ, ಕ್ಲಚ್ ಬಿಟ್ಟ ರೀತಿ, ಯಾರ ಹಿಂದಿನ ಚಕ್ರ ಸುಮ್ಮನೆ ತಿರುಗಿತು, ಯಾರದು ನೆಲ ಕಚ್ಚಿತು ಎಲ್ಲ ಕಾಣುತ್ತದೆ. ಬಹುಪಾಲು ಹೀಟುಗಳು ತೀರ್ಮಾನವಾಗುವುದು ಅಲ್ಲಿಂದ ಮೊದಲ ತಿರುವಿನವರೆಗೆ. ಆದರೆ ಹಿಂದಿನಿಂದ ಬಂದು ದಾಟುವುದನ್ನು ನೋಡಬೇಕಾದರೆ ನಾಲ್ಕನೇ ತಿರುವಿನ ಹೊರಬದಿಗೆ ಹೋಗಬೇಕು. ಅಲ್ಲಿ ಹಿಂದಿನ ಚಕ್ರಗಳು ಎರಚುವ ಮಣ್ಣು ಮೈಮೇಲೆ ಬೀಳುತ್ತದೆ, ಪ್ರೋಗ್ರಾಂ ಪುಟಗಳ ನಡುವೆಯೂ ಸೇರುತ್ತದೆ. ಹಳೆಯ ಪ್ರೋಗ್ರಾಂ ಬಿಡಿಸಿದಾಗ ಮಡಿಕೆಯಿಂದ ಕೆಂಪು ಪುಡಿ ಉದುರಿದರೆ ಅದು ತಿರುವಿನಲ್ಲಿ ನಿಂತವರದ್ದು!

ವಾಸನೆಯ ಮಾತಿಲ್ಲದೆ ಈ ನೆನಪು ಪೂರ್ತಿಯಾಗುವುದಿಲ್ಲ. ಅಭಿಮಾನಿಗಳು ಇಂದಿಗೂ ಕಣ್ಣು ಮುಚ್ಚಿ ಹೇಳುವ ಆ ಕ್ಯಾಸ್ಟ್ರಾಲ್ ಆರ್ ಎಂಬ ಎಂಜಿನ್ ಎಣ್ಣೆಯ ವಾಸನೆ ನಮ್ಮ ಹರಳೆಣ್ಣೆಯದ್ದೇ, ಉತ್ತರ ಕರ್ನಾಟಕದವರು ಔಡಲ ಎಣ್ಣೆ ಎನ್ನುವುದು. ಎಷ್ಟೇ ಬಿಸಿಯಾದರೂ ಲೋಹದ ಮೇಲಿನ ಪದರ ಬಿಡದೆ ಅಂಟಿಕೊಳ್ಳುವ ಗುಣಕ್ಕಾಗಿ ಅದನ್ನು ಎಂಜಿನ್‌ಗೆ ಹಾಕುತ್ತಿದ್ದರು. ಹಳೆಯ ಜ್ಯಾಪ್ ಎಂಜಿನ್‌ಗಳಲ್ಲಿ ಎಣ್ಣೆ ಸುತ್ತಿ ವಾಪಸ್ ಬರುತ್ತಿರಲಿಲ್ಲ. ಒಂದಿಷ್ಟು ಸುಟ್ಟು, ಒಂದಿಷ್ಟು ಹೊರಕ್ಕೆ ಚೆಲ್ಲಿ ಹೋಗುತ್ತಿತ್ತು. ಹಾಗಾಗಿಯೇ ಸ್ಟೇಡಿಯಂ ತುಂಬ ಆ ಹೊಗೆ. ಮೆಕ್ಯಾನಿಕ್‌ಗಳಿಗೆ ಮಾತ್ರ ಅದು ತಲೆನೋವು. ಹರಳೆಣ್ಣೆ ಎಂಜಿನ್ ಒಳಗೆ ಅಂಟು ಕಟ್ಟುತ್ತದೆ, ಆಗಾಗ ಬಿಚ್ಚಿ ತೊಳೆಯಬೇಕು. ಮೆಥನಾಲ್ ಗಾಳಿಯ ತೇವ ಹೀರಿ ಕಾರ್ಬುರೇಟರ್ ತಿನ್ನುತ್ತದೆ, ರೇಸ್ ಮುಗಿದ ರಾತ್ರಿಯೇ ಟ್ಯಾಂಕ್ ಖಾಲಿ ಮಾಡಿ ಒರೆಸಬೇಕು.

ಮೈಸೂರಿನವರಿಗೆ ಇಲ್ಲಿ ಒಂದು ನಂಟಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು ಟೂ ಸ್ಟ್ರೋಕ್ ಗಾಡಿ. ಅದೇ ಜಾವಾ ಹೆಸರು ಹೊತ್ತ ಸ್ಪೀಡ್‌ವೇ ಗಾಡಿ ಬೇರೆಯದೇ, ಫೋರ್ ಸ್ಟ್ರೋಕ್, ಚೆಕ್ ನಾಡಿನ ದಿವಿಶೋವ್ ಊರಿನ ಎಸೋ ಕಾರ್ಖಾನೆಯದು. 1960ರ ದಶಕದಲ್ಲಿ ಎಸೋ ಜಾವಾದೊಳಗೆ ಸೇರಿತು. ನ್ಯೂಜಿಲೆಂಡಿನ ಐವನ್ ಮೇಜರ್ 1968, 1969, 1970ರಲ್ಲಿ ಸತತ ಮೂರು ಸಲ ಗೆದ್ದಾಗ ಅಮೆರಿಕದ ಇಬ್ಬರು ಅಭಿಮಾನಿಗಳು ಕೊಟ್ಟ ಮಾತಿನಂತೆ ಅವರ ಗಾಡಿಗೆ ಚಿನ್ನದ ಲೇಪ ಹಾಕಿಸಿದರು. ಅದೂ ಜಾವಾವೇ. ಸ್ಪೀಡ್‌ವೇ ಫೈನಲ್‌ಗಳ ಅರ್ಧ ಇತಿಹಾಸ ಆ ಎಂಜಿನ್ನಿನ ಸದ್ದಿನಲ್ಲಿದೆ. 1970ರ ದಶಕದ ನಡುವೆ ನಾಲ್ಕು ವಾಲ್ವಿನ ವೆಸ್ಲೇಕ್ ಎಂಜಿನ್ ಬಂದ ಮೇಲೆ ಆ ಸದ್ದು ಬದಲಾಯಿತು. 1976ರಲ್ಲಿ ಪೋಲೆಂಡಿನ ಹೋಜೂಫ್‌ನಲ್ಲಿ ಪೀಟರ್ ಕಾಲಿನ್ಸ್ ಗೆದ್ದದ್ದು ವೆಸ್ಲೇಕ್ ಮೇಲೆ.

ಒಂದೇ ರಾತ್ರಿಯ ಫೈನಲ್ ಅನ್ಯಾಯದ್ದು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ವರ್ಷವಿಡೀ ಅರ್ಹತಾ ಸುತ್ತು ದಾಟಿ ಬಂದವರ ಹಣೆಬರಹ ಐದು ಓಟಗಳಲ್ಲಿ, ಅಂದರೆ ಆರು ನಿಮಿಷದೊಳಗಿನ ಸವಾರಿಯಲ್ಲಿ, ತೀರ್ಮಾನವಾಗುತ್ತಿತ್ತು. ಅಷ್ಟರಲ್ಲಿ ಕೆಡಲು ಎಷ್ಟು ದಾರಿ! ಚೈನ್ ತುಂಡಾಗಬಹುದು. ಸ್ಟಾರ್ಟ್‌ನಲ್ಲಿ ಕ್ಲಚ್ ಪೂರ್ತಿ ಬಿಡಿಸಿಕೊಳ್ಳದೆ ಗಾಡಿ ತಾನೇ ಮುಂದೆ ಜರುಗಿ ಟೇಪ್ ಮುಟ್ಟಿದರೆ ಆ ಹೀಟಿನಿಂದ ಹೊರಗೆ. ಎರಡು ನಿಮಿಷದ ಗಡುವಿನೊಳಗೆ ಗೆರೆಗೆ ಬಾರದಿದ್ದರೂ ಹೊರಗೆ. ಟ್ರ್ಯಾಕ್ ಒಣಗುತ್ತಾ ಹೋದಂತೆ ಹಿಂದಿನ ಸ್ಪ್ರಾಕೆಟ್ಟನ್ನು ಒಂದು ಹಲ್ಲು ಬದಲಿಸಬೇಕೋ ಬೇಡವೋ ಎಂಬುದನ್ನು ಪಿಟ್ಸ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ನಿರ್ಧರಿಸಬೇಕು. ನೀರು ಹೆಚ್ಚಾದರೆ ಒಳಗೆರೆ ಜಾರುತ್ತದೆ, ಕಡಿಮೆಯಾದರೆ ಹಿಂದಿದ್ದವರಿಗೆ ಧೂಳಲ್ಲದೆ ಏನೂ ಕಾಣದು. ಸ್ಟಾರ್ಟ್ ಗೆರೆಯಲ್ಲಿ ಸವಾರರು ನಿಲ್ಲುವ ನಾಲ್ಕು ಜಾಗಗಳಿಗೂ ಗೇಟು ಎನ್ನುತ್ತಾರೆ. ಒಳಗಿನ ಮೊದಲ ಗೇಟಿಗೆ ದಾರಿ ಹತ್ತಿರ. ಆದರೆ ಹೀಟುಗಳು ಕಳೆದಂತೆ ಸಡಿಲ ಮಣ್ಣು ಹೊರಬದಿಗೆ ಸರಿದು ನಾಲ್ಕನೇ ಗೇಟಿನವರಿಗೆ ಹಿಡಿತ ಸಿಗುತ್ತದೆ. ನಾಲ್ಕು ಗೇಟು, ಐದು ಓಟ. ಯಾವ ಗೇಟು ಯಾವ ಹೊತ್ತಿನಲ್ಲಿ ಬಂತು ಎಂಬುದು ಪೂರ್ತಿ ಅದೃಷ್ಟ.

1936ರ ಮೊಟ್ಟಮೊದಲ ಫೈನಲ್ಲೇ ನೋಡಿ. ವೆಂಬ್ಲಿಯಲ್ಲಿ ಆಸ್ಟ್ರೇಲಿಯಾದ ಬ್ಲೂಯಿ ವಿಲ್ಕಿನ್ಸನ್ ಐದಕ್ಕೆ ಐದೂ ಗೆದ್ದು 15 ಪಾಯಿಂಟ್ ತೆಗೆದರು. ಆದರೂ ಚಾಂಪಿಯನ್ ಆಗಲಿಲ್ಲ. ಅರ್ಹತಾ ಸುತ್ತಿನ ಬೋನಸ್ ಪಾಯಿಂಟ್ ಸೇರಿಸಿದಾಗ ಅವರದು 25, ಲಯನಲ್ ವಾನ್ ಪ್ರಾಗ್ ಮತ್ತು ಎರಿಕ್ ಲಾಂಗ್ಟನ್ ಇಬ್ಬರದೂ 26. ಆ ಇಬ್ಬರ ನಡುವಿನ ರನ್ ಆಫ್, ಅಂದರೆ ಸಮ ಮುರಿಯುವ ಹೆಚ್ಚುವರಿ ಓಟ, ಗೆದ್ದು ವಾನ್ ಪ್ರಾಗ್ ಚಾಂಪಿಯನ್ ಆದರು. ಒಂದು ರಾತ್ರಿ ಅಜೇಯರಾಗಿ ಉಳಿದವರು ಮೂರನೆಯವರಾದದ್ದು ಈ ಕ್ರೀಡೆಯ ಮೊದಲ ಗಾಯ. ವಿಲ್ಕಿನ್ಸನ್ 1938ರಲ್ಲಿ ಗೆದ್ದು ಅದನ್ನು ತೀರಿಸಿದರು ಎಂಬುದೇ ಸಮಾಧಾನ.

1972ರ ವೆಂಬ್ಲಿ ಇನ್ನೂ ಕಠೋರ. ನಾಲ್ಕು ಸಲದ ಚಾಂಪಿಯನ್ ಬ್ಯಾರಿ ಬ್ರಿಗ್ಸ್ ಅಪಘಾತಕ್ಕೆ ಸಿಕ್ಕಿ ಎಡಗೈ ಬೆರಳು ಕಳೆದುಕೊಂಡರು. ಅವತ್ತು ಮೇಜರ್ ಮತ್ತು ಸ್ವೀಡನ್ನಿನ ಬರ್ನ್ಟ್ ಪರ್ಸನ್ ತಲಾ 13ರಲ್ಲಿ ಸಮನಾಗಿ, ರನ್ ಆಫ್‌ನಲ್ಲಿ ಮೇಜರ್ ಗೆದ್ದರು. ಮರುವರ್ಷ ಹೋಜೂಫ್‌ನ ದೊಡ್ಡ ಸ್ಟೇಡಿಯಂನಲ್ಲಿ ಅದೇ 13, ಅದೇ ರನ್ ಆಫ್, ಮತ್ತೆ ಮೇಜರ್. ಈ ಸಲ ಎದುರಿಗೆ ಪೋಲೆಂಡಿನ ಯೆಜಿ ಷ್ಚಾಕ್ಯೆಲ್. ದಾಟಲು ಹೋದ ಮೇಜರ್ ಬಿದ್ದರು, ಪೋಲೆಂಡಿಗೆ ಮೊದಲ ವಿಶ್ವ ಚಾಂಪಿಯನ್ ಸಿಕ್ಕರು. ಎರಡನೆಯವರಿಗಾಗಿ ಪೋಲೆಂಡ್ 2010ರವರೆಗೆ, ತೊಮಾಷ್ ಗೊಲ್ಲೋಬ್ ಬರುವವರೆಗೆ ಕಾಯಬೇಕಾಯಿತು. ಆ ಸ್ಟೇಡಿಯಂನಲ್ಲಿ ಇದ್ದವರ ಪ್ರೋಗ್ರಾಂನಲ್ಲಿ ಇಪ್ಪತ್ತನೇ ಹೀಟಿನ ಕೆಳಗೆ, ಅಚ್ಚಾಗದ ಜಾಗದಲ್ಲಿ, ಕೈಯಿಂದ ಗೆರೆ ಎಳೆದು ಬರೆದ ಎರಡು ಹೆಸರುಗಳಿರುತ್ತವೆ. ನನಗೆ ಅದಕ್ಕಿಂತ ಬೆಲೆಯುಳ್ಳ ದಾಖಲೆ ಬೇರೊಂದಿಲ್ಲ.

1982ರ ಲಾಸ್ ಏಂಜಲೀಸ್ ಬಗ್ಗೆ ಬರೆದರೆ ಕಾಮೆಂಟಿನಲ್ಲಿ ಜಗಳ ಖಚಿತ. ಹದಿನಾಲ್ಕನೇ ಹೀಟು, ಪೆನ್ಹಾಲ್ ಮತ್ತು ಇಂಗ್ಲೆಂಡಿನ ಕೆನಿ ಕಾರ್ಟರ್ ಮೊಣಕೈಗೆ ಮೊಣಕೈ ತಾಗಿಸಿ ಓಡಿದರು, ಕಾರ್ಟರ್ ಬೇಲಿಯ ಬಳಿ ಬಿದ್ದರು, ರೆಫ್ರಿ ಕಾರ್ಟರ್ ಅವರನ್ನೇ ಹೊರಗಿಟ್ಟರು. ಓಟ ನಿಲ್ಲಲು ಮುಖ್ಯ ಕಾರಣ ಯಾರೋ ಅವರು ಮರು ಓಟದಲ್ಲಿ ಇರುವಂತಿಲ್ಲ ಎಂಬುದು ನಿಯಮ. ಪೆನ್ಹಾಲ್ ತಗುಲಿದರೋ ಇಲ್ಲವೋ ಎಂಬುದೇ ವಾದ. ಇಂಗ್ಲಿಷರು ಒಂದು ಹೇಳುತ್ತಾರೆ, ಅಮೆರಿಕನ್ನರು ಇನ್ನೊಂದು. ಪೆನ್ಹಾಲ್ ಗೆದ್ದು, ವೇದಿಕೆಯ ಮೇಲೆಯೇ ನಿವೃತ್ತಿ ಘೋಷಿಸಿದರು. ಹೀಗಾಗಿ ಆ ಪ್ರಶ್ನೆಯನ್ನು ಟ್ರ್ಯಾಕಿನ ಮೇಲೆ ಇತ್ಯರ್ಥ ಮಾಡುವ ಅವಕಾಶವೇ ಉಳಿಯಲಿಲ್ಲ.

1995ರಿಂದ ಗ್ರಾಂಪ್ರಿ ಸರಣಿ ಬಂತು. ಹಲವು ಊರು, ಹಲವು ಸುತ್ತು, ಒಟ್ಟು ಪಾಯಿಂಟ್. ಹಾನ್ಸ್ ನೀಲ್ಸನ್ ಮೊದಲ ಸರಣಿ ಗೆದ್ದರು. ಸವಾರರ ದೃಷ್ಟಿಯಿಂದ ಇದು ಹೆಚ್ಚು ನ್ಯಾಯ, ಅದನ್ನು ಒಪ್ಪಲೇಬೇಕು. ಒಂದು ಚೈನ್ ತುಂಡಾದ ಮಾತ್ರಕ್ಕೆ ವರ್ಷದ ದುಡಿಮೆ ಮಣ್ಣುಪಾಲಾಗುವುದಿಲ್ಲ. ಆದರೆ ನೋಡುವವರ ದೃಷ್ಟಿಯಿಂದ ಕಳೆದುಕೊಂಡದ್ದು ದೊಡ್ಡದು. ಅಂದು ಇಡೀ ವಿಶ್ವ ಚಾಂಪಿಯನ್‌ಷಿಪ್ ಒಬ್ಬ ಅಭಿಮಾನಿಯ ಕೈಯಲ್ಲಿದ್ದ ಒಂದೇ ಹಾಳೆಯಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. ಈಗ ಆ ಹಾಳೆ ವರ್ಷದ ಲೆಕ್ಕದ ಒಂದು ತುಣುಕು. ನಾನು ಹಳೆಯ ಪದ್ಧತಿಯ ಪರ.

ಹಳೆಯ ಪ್ರೋಗ್ರಾಂಗಳನ್ನು ಇಟ್ಟುಕೊಂಡವರಿಗೆ, ವಿದೇಶದ ಹರಾಜಿನಲ್ಲಿ ಕೊಳ್ಳುವವರಿಗೆ ಒಂದೆರಡು ಮಾತು ಹೇಳಲೇಬೇಕು. ಖಾಲಿ ಪ್ರೋಗ್ರಾಂಗೆ ಬೆಲೆ ಹೆಚ್ಚು ಕೇಳುತ್ತಾರೆ. ತುಂಬಿಸಿದ್ದನ್ನೇ ತೆಗೆದುಕೊಳ್ಳಿ, ಅದರಲ್ಲಿ ಆ ರಾತ್ರಿಯಿದೆ. ಲ್ಯಾಮಿನೇಷನ್ ಬೇಡವೇ ಬೇಡ, ಒಮ್ಮೆ ಮಾಡಿದರೆ ಕಾಗದ ಬಿಡಿಸಲು ಬರುವುದಿಲ್ಲ. ಪಿವಿಸಿ ಕವರಿಗೆ ಬಾಲ್‌ಪೆನ್ ಶಾಯಿ ಅಂಟುತ್ತದೆ, ಪಾಲಿಯೆಸ್ಟರ್ ಕವರ್ ಬಳಸಿ. ಸ್ಟೇಪಲ್ ಪಿನ್ ತುಕ್ಕು ಹಿಡಿದಿದ್ದರೆ ಎಳೆಯಬೇಡಿ. ಹಿಂಬದಿಯ ಕಾಲುಗಳನ್ನು ಮೆಲ್ಲಗೆ ನೆಟ್ಟಗೆ ಮಾಡಿ ಹೊರತೆಗೆಯಿರಿ, ಇಲ್ಲವಾದರೆ ನಡುವಿನ ಹೀಟ್ ಪುಟವೇ ಹರಿಯುತ್ತದೆ. ಹರಿಯಬಾರದ ಪುಟ ಅದೊಂದೇ. ಆ ಕೆಂಪು ಮಣ್ಣಿನ ಪುಡಿಯನ್ನು ಮಾತ್ರ ಒರೆಸಬೇಡಿ.