ರಕ್ತ ಕ್ಯಾನ್ಸರ್ ಮಾತ್ರೆಗೆ ಪೇಟೆಂಟ್ ಬೇಕಾ?

ಪರ

ಸಿಎಂಎಲ್ (ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ) ಮೂಳೆಮಜ್ಜೆಯಲ್ಲಿ ಹುಟ್ಟುವ ರಕ್ತದ ಕ್ಯಾನ್ಸರ್. ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ. ಗುಲ್ಮ ಊದಿ, ಎಡಪಕ್ಕೆಯ ಕೆಳಗೆ ಕಲ್ಲಿಟ್ಟ ಹಾಗೆ ಭಾರ. ಮೊದಲು ಪೂರ್ತಿ ವಾಸಿಯಾಗಲು ಮಜ್ಜೆಯ ಕಸಿ ಬಿಟ್ಟರೆ ದಾರಿ ಇರಲಿಲ್ಲ. ಈಗ ಇಮಾಟಿನಿಬ್ ಮಾತ್ರೆ ಇದೆ. ಊಟದ ಜೊತೆ, ದೊಡ್ಡ ಲೋಟದ ತುಂಬಾ ನೀರು ಕುಡಿದು ನುಂಗಬೇಕು, ಇಲ್ಲದಿದ್ದರೆ ಹೊಟ್ಟೆ ತೊಳೆಸುತ್ತದೆ. ನುಂಗಿ ಕೆಲಸಕ್ಕೆ ಹೊರಡುವವರು ಎಷ್ಟೋ ಜನ!

ಇದು ಸುಮ್ನೆ ಬಂದಿದ್ದಲ್ಲ. ಸಾವಿರಾರು ಅಣುಗಳನ್ನು ಸೋಸಿ ಒಂದನ್ನು ಹಿಡಿಯಬೇಕು. 1998ರಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯಿತು, 2001ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ರೋಗವೂ ಸುಮ್ಮನಿರಲಿಲ್ಲ. ರೋಗದ ಕಣಗಳಲ್ಲಿ ಟಿ315ಐ ಎಂಬ ರೂಪಾಂತರ ಬಂದರೆ ಇಮಾಟಿನಿಬ್ ನಾಟುವುದಿಲ್ಲ. ಅದಕ್ಕೆ ಪೊನಾಟಿನಿಬ್ ಎಂಬ ಇನ್ನೊಂದು ಮಾತ್ರೆ ಬಂದಿದ್ದು 2012ರಲ್ಲಿ. ಇಷ್ಟು ಕಡಿಮೆ ರೋಗಿಗಳಿಗಾಗಿ ಯಾರು ದುಡ್ಡು ಸುರಿಯುತ್ತಾರೆ? ಕೆಲವು ವರ್ಷವಾದರೂ ಆ ದುಡ್ಡು ವಾಪಸ್ ಬರುವ ಭರವಸೆ ಬೇಕು. ಅದನ್ನು ಕೊಡುವುದೇ ಪೇಟೆಂಟ್, ಅಷ್ಟು ದಿನ ಬೇರೆಯವರು ಆ ಔಷಧಿ ಮಾಡಿ ಮಾರುವಂತಿಲ್ಲ.

ವಿರೋಧ

ದುಡ್ಡು ಸುರಿದವರು ಯಾರು ಅನ್ನೋದನ್ನೂ ನೋಡೋಣ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ನೊವೆಲ್ ಮತ್ತು ಹಂಗರ್‌ಫರ್ಡ್ ಈ ರೋಗಿಗಳ ಕಣಗಳಲ್ಲಿ ಮೋಟು ವರ್ಣತಂತುವೊಂದನ್ನು ಕಂಡರು. 1973ರಲ್ಲಿ ಷಿಕಾಗೋದ ಜ್ಯಾನೆಟ್ ರೌಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿವೆ ಎಂದು ತೋರಿಸಿದರು. ಮಾತ್ರೆಯ ಗುರಿ ಸಿಕ್ಕಿದ್ದು ಔಷಧಿ ಕಂಪನಿಯಿಂದಲ್ಲ, ಇಂಥ ಸಂಶೋಧಕರಿಂದ. ರೋಗಿಗಳು ಕಡಿಮೆ ಎಂದು ಔಷಧಿ ತಯಾರಿಸಿದ ಸ್ವಿಸ್ ಕಂಪನಿ ನೊವಾರ್ಟಿಸ್ ಹಿಂದೆಮುಂದೆ ನೋಡಿದಾಗ ಪಟ್ಟು ಬಿಡದೆ ಬೆನ್ನು ಹತ್ತಿದ್ದು ಅಮೆರಿಕದ ಆರೆಗನ್‌ನ ವೈದ್ಯ ಬ್ರಯಾನ್ ಡ್ರೂಕರ್.

ಇನ್ನು ನಮ್ಮ ದೇಶದ ಮಾತು. ನೊವಾರ್ಟಿಸ್ ಗ್ಲಿವೆಕ್ ಹೆಸರಿನಲ್ಲಿ ಮಾರುವ ಇಮಾಟಿನಿಬ್‌ಗೆ 2013ರ ಹೊತ್ತಿಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ನಮ್ಮ ಕಂಪನಿಗಳು ತಯಾರಿಸಿದ ಅದೇ ಮಾತ್ರೆಗೆ ಆಗ ಎಂಟು-ಹತ್ತು ಸಾವಿರ. ನೊವಾರ್ಟಿಸ್ ಬಹಳ ರೋಗಿಗಳಿಗೆ ಉಚಿತವಾಗಿ ಕೊಟ್ಟಿದ್ದು ನಿಜ, ಅದು ಒಳ್ಳೆಯ ಕೆಲಸವೇ. ಆದರೆ ಹಲವರಿಗೆ ಜೀವಮಾನವಿಡೀ ಬೇಕಾಗುವ ಔಷಧಿಗೆ ಇನ್ನೊಬ್ಬರ ಕೈ ನೋಡುತ್ತಾ ಕೂರೋದು ಹೇಗೆ?

ಭಾರತದಲ್ಲಿ ಪೇಟೆಂಟ್ ಬೇಕೆಂದು ನೊವಾರ್ಟಿಸ್ ನಡೆಸಿದ ಮೊಕದ್ದಮೆ ಹೊಸ ಔಷಧಿಗಾಗಿ ಅಲ್ಲ, ಅದೇ ಔಷಧಿಯ ಹೊಸ ಹರಳು ರೂಪಕ್ಕಾಗಿ. ಇದನ್ನು ಮೈ ಶೇ. 30ರಷ್ಟು ಜಾಸ್ತಿ ಹೀರಿಕೊಳ್ಳುತ್ತದೆ ಎಂದು ಕಂಪನಿ ವಾದಿಸಿತು. ರೋಗಕ್ಕೆ ಜಾಸ್ತಿ ಗುಣ ಕೊಡುತ್ತದೆ ಎಂಬುದು ಸಾಬೀತಾಗಿಲ್ಲ ಎಂದು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಪೇಟೆಂಟ್ ನಿರಾಕರಿಸಿತು. ಸರಿಯಾದ ತೀರ್ಪು ಅಲ್ವಾ?

ಈ ಮಾತ್ರೆಯನ್ನು ದಿನವೂ ತಪ್ಪದೆ ನುಂಗಬೇಕು. ಆಗ ತಿಂಗಳಿಗೆ ಎಂಟು ಸಾವಿರ ಹೊಂದಿಸುವುದೇ ಎಷ್ಟೋ ಮನೆಗಳಿಗೆ ಕಷ್ಟವಾಗಿತ್ತು. ದುಡ್ಡು ಸಿಗುವ ತನಕ ಅಂತ ಆಗಾಗ ಹತ್ತು ದಿನ ಬಿಟ್ಟವರ ಪಿಸಿಆರ್ ಪರೀಕ್ಷೆಯಲ್ಲಿ (ರೋಗ ಎಷ್ಟು ಉಳಿದಿದೆ ಎಂದು ಅಳೆಯುವ ರಕ್ತಪರೀಕ್ಷೆ) ಅಂಕಿ ಮತ್ತೆ ಏರಬಹುದು.