ಬಚ್ಚಲ ನೆಲದಲ್ಲಿ ಮಲಗಿದ ಹುಡುಗಿ

ನಮ್ಮೂರಿಂದ ದೂರ, ನಾನೀಗಿರುವ ಊರಿನ ಒಂದು ವೃದ್ಧಾಶ್ರಮಕ್ಕೆ ಆಗಾಗ ಹರಟೆಗೆ ಹೋಗುತ್ತೇನೆ. ಮೊನ್ನೆ ಹೋದಾಗ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಬಚ್ಚಲ ನೆಲದ ಮೇಲೆ ಮಲಗಿದ್ದಳು. ಗಾಬರಿಯಾಯಿತು. ನೋಡಿದರೆ, ಬಿದ್ದವರ ಕೈ ಎಲ್ಲಿವರೆಗೆ ಎಟುಕುತ್ತದೆ ಅಂತ ಟೇಪು ಹಿಡಿದು ಅಳೆಯುತ್ತಿದ್ದಾಳೆ! ಸಹಾಯಕ್ಕೆ ಎಳೆಯುವ ಕೆಂಪು ದಾರ ನೆಲದ ಹತ್ತಿರದವರೆಗೂ ಇಳಿದಿರಬೇಕು. ನೆಲ ಒರೆಸುವಾಗ ಅಡ್ಡ ಬರುತ್ತದೆ ಅಂತ ಯಾರೋ ಅದನ್ನು ಸುತ್ತಿ ಮೇಲಕ್ಕೆ ಗಂಟು ಹಾಕಿದ್ದರು. ನಿಂತವರಿಗೆ ಮಾತ್ರ ಸಿಗುವ ದಾರ. ನಿಲ್ಲಲು ಆಗುವವರಿಗೆ ಅದು ಯಾಕೆ ಬೇಕು?

ನನಗೆ ತಕ್ಷಣ ನೆನಪಾಗಿದ್ದು ನಮ್ಮ ಕಡೆಯ ಫೈನಲ್ ಇಯರ್ ಪ್ರಾಜೆಕ್ಟುಗಳು. ಬಿದ್ದರೆ ಮೆಸೇಜ್ ಕಳಿಸುವ ಬೆಲ್ಟನ್ನು ನಮ್ಮಲ್ಲೂ ವರ್ಷ ವರ್ಷ ಮಾಡುತ್ತಾರೆ. ಆರ್ಡುಯಿನೋ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಅಲುಗಾಟ ಅಳೆಯುವ ಒಂದು ಆಕ್ಸೆಲೆರೋಮೀಟರ್, ಮೆಸೇಜ್ ಕಳಿಸಲು ಒಂದು ಜಿಎಸ್‌ಎಂ ಮಾಡ್ಯೂಲ್. ಹೊರಗಿನ ಪರೀಕ್ಷಕರು ಬಂದ ದಿನ ಗೆಳೆಯ ಧೊಪ್ಪನೆ ಬೀಳುತ್ತಾನೆ, ಫೋನ್ ಟಿಣ್ ಅನ್ನುತ್ತದೆ, ವೈವಾ ಮುಗೀತು. ರಿಪೋರ್ಟು ಬೈಂಡಿಂಗ್‌ಗೆ, ಬೆಲ್ಟು ಲ್ಯಾಬಿನ ಬೀರುವಿಗೆ. ಒಬ್ಬ ಅಜ್ಜನಾದರೂ ಅದನ್ನು ಕಟ್ಟಿಕೊಂಡು ನೋಡಿದ್ದಾರಾ?

ವಯಸ್ಸಾದವರು ಆ ಗೆಳೆಯನ ಹಾಗೆ ಬೀಳುವುದಿಲ್ಲ. ಎಷ್ಟೋ ಸಲ ಗೋಡೆ ಹಿಡಿದುಕೊಂಡು ಮೆಲ್ಲಗೆ ಕುಸಿಯುತ್ತಾರೆ, ಕುರ್ಚಿಯಿಂದ ಜಾರುತ್ತಾರೆ. ಬೆಲ್ಟಿನ ಸೆನ್ಸರ್ ಹುಡುಕುವುದು ಜೋರು ಏಟು, ಅದರ ಹಿಂದೆಯೇ ಅಲುಗಾಡದ ಮೈ. ಮೆಲ್ಲಗೆ ಜಾರಿದರೆ ಅದಕ್ಕೆ ತಿಳಿಯದೇ ಹೋಗಬಹುದು, ಮಂಚದ ಮೇಲೆ ದಪ್ಪಂತ ಕೂತರೆ ಸುಮ್ನೆ ಕೂಗಿಕೊಳ್ಳಬಹುದು. ಹೀಗೆ ರಾತ್ರಿಯಿಡೀ ಸುಳ್ಳು ಕೂಗು ಕೇಳಿದ ನರ್ಸು ಆಮೇಲೆ ನಿಜವಾದ ಕೂಗಿಗೂ ಓಡಿ ಬರುವುದಿಲ್ಲ.

ಬೆಲ್ಟಿನ ಬದಲು ಸಹಾಯಕ್ಕೆ ಕರೆಯುವ ಗುಂಡಿ ಕೊಟ್ಟರೂ ಒತ್ತಬೇಕಲ್ಲ. 90 ದಾಟಿದವರ ಬಗ್ಗೆ ಕೇಂಬ್ರಿಡ್ಜ್‌ನಲ್ಲಿ ನಡೆದ ಒಂದು ಅಧ್ಯಯನ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬಿದ್ದು ತುಂಬಾ ಹೊತ್ತು ನೆಲದಲ್ಲೇ ಉಳಿದವರಲ್ಲಿ ಹೆಚ್ಚಿನವರು, ಅಲಾರಂ ಇದ್ದೂ ಬಳಸಿರಲಿಲ್ಲ. ಯಾಕೆ ಅಂತ ಈ ಹುಡುಗಿ ಇಲ್ಲಿನ ಅಜ್ಜಿಯೊಬ್ಬರನ್ನೇ ಕೇಳಿದಳು. "ಪಾಪ, ನರ್ಸುಗಳು ಊಟಕ್ಕೆ ಕೂತಿರ್ತಾರೆ, ಯಾಕೆ ತೊಂದರೆ ಕೊಡೋದು? ಒತ್ತಿದರೂ ಯಾರಿಗಾದರೂ ಕೇಳಿಸ್ತಾ, ಇಲ್ವಾ ಅಂತ ನನಗೆ ಹೇಗೆ ಗೊತ್ತಾಗಬೇಕು?" ಅಂದರಂತೆ. ಅದಕ್ಕೇ ಇವಳು ತನ್ನ ಪ್ರಾಜೆಕ್ಟಿಗೆ ಮಾಡಿದ ಗುಂಡಿಯಲ್ಲಿ ಒಂದು ಪುಟ್ಟ ದೀಪವಿದೆ. ನರ್ಸು ಆ ಕಡೆಯಿಂದ ಕರೆ ಒಪ್ಪಿಕೊಂಡ ಮೇಲೆ ಹಸಿರಾಗುತ್ತದೆ. ಇಷ್ಟೇ. ಇದು ಲ್ಯಾಬಿನಲ್ಲಿ ಕೂತು ಹೊಳೆಯುವ ವಿಷಯ ಅಲ್ಲ, ಅಲ್ವಾ?

ಹಾಗಂತ ನಮ್ಮ ಹುಡುಗರನ್ನಷ್ಟೇ ಬೈದರೆ ಅನ್ಯಾಯ. ಅವರನ್ನು ಆಶ್ರಮದ ಒಳಗೆ ಬಿಟ್ಟವರು ಯಾರು? ಅಂಕ ಕೊಡುವವರು ನೋಡುವುದೂ ಬೆಲ್ಟು ಕೂಗಿತಾ ಅಂತ ಮಾತ್ರ. ಇನ್ನು ಕೂಗಿತು ಅಂತಲೇ ಇಟ್ಟುಕೊಳ್ಳಿ, ಇಡೀ ಮಹಡಿಗೆ ರಾತ್ರಿ ಒಬ್ಬರೇ ಆಯಾ ಇದ್ದರೆ ಆಕೆ ಎಷ್ಟು ಕಡೆ ಓಡಿಯಾಳು? ಇಲ್ಲೂ ಎಲ್ಲ ಸರಿಯಿದೆ ಅಂತೇನಿಲ್ಲ. ಈ ಹುಡುಗಿ ಕೋರ್ಸ್ ಮುಗಿಸಿ ಹೋದ ಮೇಲೆ ಗುಂಡಿಗಳ ಬ್ಯಾಟರಿ ಬದಲಾಯಿಸುವವರು ಯಾರು ಅಂತ ಮ್ಯಾನೇಜರನ್ನು ಕೇಳಿದೆ. ಸುಮ್ನೆ ನಕ್ಕರು. ನಮ್ಮ ಹುಡುಗರಾಗಿದ್ದರೆ ಯಾವುದೋ ಹಳೇ ಮೊಬೈಲಿನ ಬ್ಯಾಟರಿ ಸಿಕ್ಕಿಸಿ ಹೇಗೋ ನಡೆಸಿಬಿಡುತ್ತಿದ್ದರು, ಆ ಮಾತು ಬೇರೆ.