ಕೆನಡಾ ನೋಡಿ ಕಲೀಬೇಕಂತೆ!

ನಿನ್ನೆ ಸಂಜೆ ಒಂದು ಆನ್‌ಲೈನ್ ಸೆಮಿನಾರಿಗೆ ಕೂತಿದ್ದೆ. ಗಣಿ ಶುರು ಮಾಡುವ ಮುಂಚೆ ನಡೆಸುವ ಪರಿಸರ ಅಧ್ಯಯನದ ಬಗ್ಗೆ. ಮಾತಾಡಿದವರು ಓದಿಕೊಂಡವರು, ಸ್ಲೈಡುಗಳೂ ಚೆನ್ನಾಗಿದ್ದವು. ಕೊನೆಗೆ ಕೆನಡಾದ ಉತ್ತರ ತುದಿಯ ಮೇರಿ ರಿವರ್ ಕಬ್ಬಿಣದ ಗಣಿ ತೋರಿಸಿ, ಮೀನು, ನೀರು, ವನ್ಯಜೀವಿ ಎಲ್ಲವನ್ನೂ ಅಳೆದು ನೋಡಿಯೇ ಗಣಿ ತೆಗೆದರು, ಇವರನ್ನು ನೋಡಿ ಕಲೀಬೇಕು ಅಂದರು. ನನ್ನ ಮೈಕ್ ಮ್ಯೂಟ್ ಆಗಿದ್ದದ್ದು ಎಲ್ಲರ ಪುಣ್ಯ.

ನಾನು ಸಂಡೂರಿನವನು, ಹಿಂದೆ ಇಂಥ ವರದಿ ಬರೆದುಕೊಡುವ ಕನ್ಸಲ್ಟೆನ್ಸಿಯಲ್ಲೇ ದುಡಿದವನು ಅಂತ ನಿಮಗೆಲ್ಲ ಗೊತ್ತು. ಅದಿರಿನ ದೂಳು ಅಂದರೆ ನನಗೆ ತಲೆ ಬೇಗ ಬಿಸಿಯಾಗುತ್ತದೆ. ಹಾಗಾಗಿ ಸ್ವಲ್ಪ ಸಹಿಸಿಕೊಳ್ಳಿ.

ಗಣಿ ಇರುವುದು ಬ್ಯಾಫಿನ್ ದ್ವೀಪದ ಉತ್ತರ ಭಾಗದಲ್ಲಿ, ನುನಾವುಟ್ ಅನ್ನುವ ಪ್ರದೇಶ. ಕಂಪನಿಯ ಹೆಸರು ಬ್ಯಾಫಿನ್‌ಲ್ಯಾಂಡ್. ಅದಿರಿನಲ್ಲಿ ಶೇ. 65ಕ್ಕೂ ಜಾಸ್ತಿ ಕಬ್ಬಿಣ. ತೊಳೆಯುವುದೂ ಬೇಡ, ಪುಡಿ ಮಾಡಿ ಹಡಗಿಗೆ ತುಂಬಿದರೆ ಆಯಿತು. 2012ರಲ್ಲಿ ಒಪ್ಪಿಗೆ ಸಿಕ್ಕಿದ್ದು ದಕ್ಷಿಣದ ಸ್ಟೀನ್ಸ್‌ಬಿ ಬಂದರಿಗೆ ರೈಲು ಹಾಕಿ ವರ್ಷಕ್ಕೆ 180 ಲಕ್ಷ ಟನ್ ಸಾಗಿಸುವುದಕ್ಕೆ. ದುಡ್ಡು ಹೊಂದಲಿಲ್ಲ. ಸರಿ, ಲಾರಿಯಲ್ಲಿ ಉತ್ತರದ ಮಿಲ್ನ್ ಇನ್‌ಲೆಟ್ ಬಂದರಿಗೆ ಸಾಗಿಸ್ತೀವಿ, 42 ಲಕ್ಷ ಟನ್ ಸಾಕು ಅಂದರು. 2018ರಲ್ಲಿ ಅದು 60 ಲಕ್ಷ ಆಯಿತು. ಆಮೇಲೆ 120 ಲಕ್ಷ ಬೇಕು, ಈ ಕಡೆಗೂ ಒಂದು ರೈಲು ಬೇಕು ಅಂದರು. ಪ್ರತಿ ಸಲವೂ ಹೊಸ ವರದಿ. ಪ್ರತಿ ವರದಿಯಲ್ಲೂ ಅದೇ ಮಾತು: ದೊಡ್ಡ ಪರಿಣಾಮ ಏನೂ ಆಗಲ್ಲ.

ಆ ಹಡಗುಗಳು ಹೋಗುವುದು ಎಕ್ಲಿಪ್ಸ್ ಸೌಂಡ್ ಅನ್ನುವ ಕಡಲ ದಾರಿಯಲ್ಲಿ. ಬೇಸಿಗೆಯಲ್ಲಿ ನಾರ್ವಾಲ್‌ಗಳು ಬರುವುದೂ ಅಲ್ಲಿಗೇ. ಗಂಡಿನ ಹಲ್ಲು ಕೊಂಬಿನ ಹಾಗೆ ಮುಂದಕ್ಕೆ ಬೆಳೆಯುತ್ತದಲ್ಲ, ಆ ತಿಮಿಂಗಿಲ. ಕತ್ತಲ ನೀರಿನಲ್ಲಿ ಅದಕ್ಕೆ ದಾರಿ, ಊಟ ಎಲ್ಲ ಸಿಗುವುದು ಸದ್ದಿನಿಂದ. ಆ ಸದ್ದಿನ ಮಧ್ಯೆ ಅದಿರಿನ ಹಡಗು ಹೊಕ್ಕರೆ ಏನಾಗಬಹುದು ಅಂತ ಊಹಿಸುವುದಕ್ಕೆ ಪಿಎಚ್‌ಡಿ ಬೇಕಾ? ಅಲ್ಲಿನ ಪಾಂಡ್ ಇನ್‌ಲೆಟ್ ಊರಿನ ಮೂಲನಿವಾಸಿಗಳಾದ ಇನ್ಯೂಟ್ ಬೇಟೆಗಾರರು ನಾರ್ವಾಲ್ ಕಡಿಮೆಯಾಗುತ್ತಿವೆ ಅಂತ ಹೇಳುತ್ತಲೇ ಬಂದರು. ಅವರ ಮಾತು ಬರೀ ಅನುಭವ, ಡೇಟಾ ಅಲ್ಲವಲ್ಲ! ಕೊನೆಗೆ ಡೇಟಾನೇ ಬಂತು. 2016ರಲ್ಲಿ ಅಂದಾಜು 12 ಸಾವಿರ ಇದ್ದವು. 2020ರಲ್ಲಿ ಸುಮಾರು 5 ಸಾವಿರ. 2021ರಲ್ಲಿ ಸುಮಾರು 2,600. ಕೊನೆಯ ಎರಡು ಎಣಿಕೆ ಸ್ವತಃ ಕಂಪನಿ ವಿಮಾನ ಹಾರಿಸಿ ಮಾಡಿಸಿದ್ದು.

ಆಗ ಕಂಪನಿ ಏನೆಂದಿತು ಗೊತ್ತಾ? ಮಂಜುಗಡ್ಡೆ ಕಾರಣ ಇರಬಹುದು. ಬೇಟೆಯಾಡುವ ಓರ್ಕಾ ತಿಮಿಂಗಿಲಗಳು ಹೆದರಿಸಿರಬಹುದು. ಊರಿನವರಿಗಾಗಿ ಕಟ್ಟುತ್ತಿರುವ ಸಣ್ಣ ಬಂದರಿನ ಗಲಾಟೆ ಇರಬಹುದು. ನಮ್ಮ ಹಡಗಂತೂ ಕಾರಣ ಅಲ್ಲ.

ನನ್ನ ತಕರಾರು ಇಷ್ಟೇ. ಏನೂ ಆಗಲ್ಲ ಅಂತ ಮೊದಲು ಹೇಳುವುದು ಕಂಪನಿ. ಆಯಿತಾ ಇಲ್ಲವಾ ಅಂತ ಎಣಿಸುವುದು ಕಂಪನಿ. ಆಗಿದ್ದರೆ, ಯಾಕಾಯಿತು ಅಂತ ವಿವರಿಸುವುದೂ ಕಂಪನಿ. ಪರೀಕ್ಷೆ ಬರೆದವನೇ ಪೇಪರ್ ತಿದ್ದಿ, ಫೇಲಾದರೆ ಪ್ರಶ್ನೆಪತ್ರಿಕೆ ಕಷ್ಟ ಇತ್ತು ಅಂತ ಷರಾ ಬರೆದುಕೊಂಡ ಹಾಗೆ. ಹೇಳಿದ್ದು ತಪ್ಪಾಯಿತು ಅಂತ ಯಾರೂ ಒಂದು ದಿನದ ಸಂಬಳ ಕಳೆದುಕೊಳ್ಳುವುದಿಲ್ಲ.

ಒಬ್ಬರು ಚಾಟ್‌ನಲ್ಲಿ, ನಾರ್ವಾಲ್‌ಗಳು ಸತ್ತಿಲ್ಲ, ಪಕ್ಕದ ಅಡ್ಮಿರಾಲ್ಟಿ ಇನ್‌ಲೆಟ್‌ಗೆ ಹೋಗಿರಬಹುದು ಅಂತ ಬರೆದರು. ಇರಬಹುದು ಸ್ವಾಮಿ, ವಿಜ್ಞಾನಿಗಳೂ ಹಾಗೆ ಹೇಳಿದ್ದುಂಟು. ಆದರೆ ಪಾಂಡ್ ಇನ್‌ಲೆಟ್‌ನವರ ಮನೆಯ ಊಟ ಅಲ್ಲಿಗೆ ಹೋಯಿತು ಅಂದರೆ ಅದು ಪರಿಣಾಮ ಅಲ್ಲವಾ? ಅಂಗಡಿ ಸಾಮಾನೆಲ್ಲ ವಿಮಾನ, ಹಡಗಿನಲ್ಲೇ ಬರಬೇಕಾದ ಊರದು. ರೇಟು ಕೇಳಿದರೆ ಹಸಿವೇ ಹೋಗುತ್ತದೆ.

ಇನ್ನು ದೂಳು. ಗಣಿಯಿಂದ ಬಂದರಿಗೆ ಸುಮಾರು 100 ಕಿಲೋಮೀಟರ್ ಮಣ್ಣುರಸ್ತೆ, ಲಾರಿ ಮೇಲೆ ಲಾರಿ. ಬಿಳಿ ಹಿಮ ಕೆಂಪಾಗಿದೆ. ಬೇಟೆಗೆ ಹೋದವರು ಕುಡಿಯುವುದು ಅದೇ ಹಿಮ ಕರಗಿಸಿದ ನೀರು. ಅದೇ ನೀರು ತೊರೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಕಡಲಿಗೆ ಹೋಗಿ ಚಳಿಗಾಲಕ್ಕೆ ಕೆರೆಗೆ ವಾಪಸಾಗುವ ಚಾರ್ ಮೀನು ಇರುವುದು ಇಂಥ ನೀರಿನಲ್ಲೇ. ಆ ಕೆಂಪು ಹಿಮದ ಫೋಟೊ ನೋಡಿ ನಾನು ಸುಮ್ನೆ ಫೋನ್ ಮಗುಚಿಟ್ಟೆ. ನಮ್ಮ ಮನೆಯ ತುಳಸಿಕಟ್ಟೆ ಯಾವ ಬಣ್ಣ ಇರುತ್ತಿತ್ತು ಅಂತ ಸಂಡೂರಿನ ಕಡೆಯವರಿಗೆ ಹೇಳಬೇಕಿಲ್ಲ.

ನಾವೇನು ಕಡಿಮೆ? ನನ್ನ ಕನ್ಸಲ್ಟೆನ್ಸಿ ಕಾಲದಲ್ಲಿ ವನ್ಯಜೀವಿ ಪಟ್ಟಿಯ ತುಂಬ ಅಳಿಲು, ಕಾಗೆ, ಓತಿಕೇತ. ಕರಡಿ ಹೆಜ್ಜೆ ಸಿಕ್ಕಿತು ಅಂದರೆ ಬಾಸ್ ಮುಖ ಬಾಡುತ್ತಿತ್ತು. ಆ ಸಂಬಳದಲ್ಲೇ ತಂಗಿ ಮದುವೆ ಆಯಿತು, ಸುಳ್ಳು ಯಾಕೆ ಹೇಳಲಿ. ಒಂದೊಂದು ಗಣಿಗೆ ಒಂದೊಂದು ವರದಿ, ಎಲ್ಲ ಸೇರಿದರೆ ಏನಾಗುತ್ತದೆ ಅಂತ ಕೇಳುವವರೇ ಇರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನು ನಿಲ್ಲಿಸಿತು. ಇಡೀ ಪ್ರದೇಶದ ಅಧ್ಯಯನ ಆಗಿದ್ದು ಕೋರ್ಟೇ ಹೇಳಿದ ಮೇಲೆ.

"ಆದರೂ ಆ 120 ಲಕ್ಷ ಟನ್ನಿನ ವಿಸ್ತರಣೆಯನ್ನು ಕೆನಡಾದಲ್ಲಿ ಕೊನೆಗೆ ತಡೆದರಲ್ಲ?" ಅಂತ ನೀವು ಕೇಳಬಹುದು. ತಡೆದರು. ಖುಷಿಯ ವಿಷಯವೇ. ಆದರೆ ವರದಿ ತಡೆಯಲಿಲ್ಲ, ಜನ ತಡೆದರು. 2021ರ ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಬೇಟೆಗಾರರು ಗಣಿಯ ವಿಮಾನದ ರನ್‌ವೇ, ಲಾರಿ ರಸ್ತೆ ಎರಡಕ್ಕೂ ಅಡ್ಡ ಕೂತರು. ಕಂಪನಿ ಕೋರ್ಟಿಗೆ ಓಡಿತು. ಮುಂದಿನ ತಿಂಗಳು, ಗಣಿಯಿಂದ ರಾಯಧನ ಪಡೆಯುವ ಕಿಕಿಕ್ತಾನಿ ಇನ್ಯೂಟ್ ಸಂಘವೇ ವಿಸ್ತರಣೆ ಬೇಡ ಅಂದಿತು. ದುಡ್ಡು ಬರುವ ಜಾಗಕ್ಕೆ ಬೇಡ ಅನ್ನುವುದು ಎಂಥ ಗುಂಡಿಗೆ! 2022ರ ಮೇ ತಿಂಗಳಲ್ಲಿ ನುನಾವುಟ್‌ನ ಪರಿಶೀಲನಾ ಮಂಡಳಿಯೂ ಬೇಡ ಅಂದಿತು. ನವೆಂಬರ್‌ನಲ್ಲಿ ಕೇಂದ್ರ ಮಂತ್ರಿ ಡ್ಯಾನ್ ವ್ಯಾಂಡಲ್ ಅರ್ಜಿ ತಿರಸ್ಕರಿಸಿದರು. ಕಲಿಯುವುದಿದ್ದರೆ ಇದನ್ನು ಕಲಿಯೋಣ. ಸ್ಲೈಡಿನಲ್ಲಿ ಇದು ಮಾತ್ರ ಇರಲಿಲ್ಲ.

ಮತ್ತೆ ಗಣಿಯೇನೂ ನಿಂತಿಲ್ಲ. ಲಾರಿ ಓಡುತ್ತಿವೆ, ಹಡಗೂ ಹೋಗುತ್ತಿವೆ. ಈಗ ಕಂಪನಿ ಮತ್ತೆ ಸ್ಟೀನ್ಸ್‌ಬಿ ರೈಲಿನ ಮಾತು ತೆಗೆದಿದೆ. ಆ ಕಡಲಿನಲ್ಲಿ ವಾಲ್ರಸ್ ಅನ್ನುವ ಉದ್ದ ಕೋರೆಯ ಕಡಲ ಪ್ರಾಣಿಗಳಿವೆ. ಒಪ್ಪಿಗೆ ಮಾತ್ರ 2012ರದ್ದೇ, ನಾರ್ವಾಲ್‌ಗೆ ಏನೂ ಆಗಲ್ಲ ಅಂದ ಅದೇ ಕಂಪನಿಯ ಲೆಕ್ಕದ ಮೇಲೆ ಕೊಟ್ಟದ್ದು.